ಆಸ್ಪತ್ರೆಯಲ್ಲಿ ನನ್ನ ಚಹಾ ಮಷಿನ್, ಕೆಳಗೆ ಇನ್ನೊಬ್ಬರ ಹೊಸ ಮಷಿನ್. ಎಂತ ಮಾಡುವುದು?

ಕುಂಬಳೆಯವ:
ಕಾಸರಗೋಡಿನ ಒಂದು ಖಾಸಗಿ ಆಸ್ಪತ್ರೆಯ ಎರಡನೇ ಮಾಳಿಗೆಯಲ್ಲಿ ನನ್ನ ಎರಡು ಮಷಿನ್ ಉಂಟು. ಒಂದು ಪ್ರೀಮಿಕ್ಸ್ (ಬಿಸಿನೀರು ಸೇರಿಸಿದರೆ ಚಹಾ ಆಗುವ ರೆಡಿ ಪುಡಿ) ಹಾಕುವ ಚಹಾ-ಕಾಫಿಯದ್ದು. ಪಕ್ಕದಲ್ಲಿ ಬಿಸ್ಕತ್ತು, ಚಿಪ್ಸ್ ಬೀಳುವ ಸ್ಪ್ರಿಂಗ್ ಮಷಿನ್, ಅದು ಸೆಕೆಂಡ್‌ಹ್ಯಾಂಡ್. ಎರಡಕ್ಕೂ ಸೇರಿ ತಿಂಗಳಿಗೆ 2500 ರೂಪಾಯಿ ಬಾಡಿಗೆ ಕೊಡುತ್ತಿದ್ದೆ. ಮೂರು ವರ್ಷ ತಕರಾರಿಲ್ಲದೆ ನಡೆಯಿತು.

ಕಳೆದ ತಿಂಗಳು ಕೆಳಗಡೆ, ಲಿಫ್ಟಿನ ಎದುರು, ಬೇರೆಯವರು ಆಳೆತ್ತರದ ಗಾಜಿನ ಮಷಿನ್ ತಂದು ನಿಲ್ಲಿಸಿದರು. ಟಚ್ ಸ್ಕ್ರೀನ್, ಒಳಗೆ ಲೈಟು, ಜ್ಯೂಸ್, ಕೋಲಾ ಎಲ್ಲ ತಣ್ಣಗೆ. ಅವರು ಆಸ್ಪತ್ರೆಗೆ ವ್ಯಾಪಾರದ ಶೇಕಡಾ 20 ಕೊಡುತ್ತಾರಂತೆ. ಹಾಗಾಗಿ ನೀವೂ ಅಷ್ಟೇ ಕೊಡಿ, ಇಲ್ಲವಾದರೆ ಜಾಗ ಖಾಲಿ ಮಾಡಿ ಅಂತ ಆಫೀಸಿನವರು ಹೇಳಿದ್ದಾರೆ. ನನ್ನ ಬಿಸ್ಕತ್ತು ವ್ಯಾಪಾರ ಅರ್ಧಕ್ಕೆ ಇಳಿದಿದೆ. ಸಾಲ ಮಾಡಿ ನಾನೂ ಒಂದು ಟಚ್ ಸ್ಕ್ರೀನ್ ತರಬೇಕಾ? ಅಥವಾ ಎಲ್ಲ ಕಟ್ಟಿಕೊಂಡು ತಲಪಾಡಿ ಗಡಿಯಾಚೆ, ಕರ್ನಾಟಕದಲ್ಲಿ ಯಾವುದಾದರೂ ಕಾಲೇಜು ಹುಡುಕಬೇಕಾ? ಅನುಭವ ಇದ್ದವರು ಹೇಳಿ ಮಾರಾಯ್ರೆ.

ಉಪ್ಪಳದ ಲೈನ್‌ಸೇಲ್:
ಅಣ್ಣ, ಮೊದಲು ಒಂದು ಪ್ಯಾಕೆಟಿನ ಲೆಕ್ಕ ನೋಡಿ. ನಾನು ವ್ಯಾನಿನಲ್ಲಿ ಬಿಸ್ಕತ್ತು ಹಾಕುವವ, ನಿಮಗೆ ಸಿಗುವುದೆಷ್ಟು ಅಂತ ಗೊತ್ತು. 10 ರೂಪಾಯಿ ಪ್ಯಾಕೆಟ್ ಕೈಗೆ 9ಕ್ಕೆ ಬೀಳುತ್ತದೆ ಅಂತಿಟ್ಟುಕೊಳ್ಳಿ. ಶೇಕಡಾ 20 ಅಂದರೆ 2 ರೂಪಾಯಿ. ಒಂದೊಂದು ಪ್ಯಾಕೆಟಿಗೂ ಒಂದು ರೂಪಾಯಿ ಕೈಯಿಂದ ಹಾಕಿ ಮಾರಿದ ಹಾಗೆ! ಜಾಸ್ತಿ ಮಾರಿದಷ್ಟು ಜಾಸ್ತಿ ನಷ್ಟ. ಎಂಆರ್‌ಪಿ ಮೇಲೆ ಎಂಟಾಣೆ ಸೇರಿಸಲಿಕ್ಕೂ ಇಲ್ಲ, ಲೀಗಲ್ ಮೆಟ್ರಾಲಜಿಯವರು (ತೂಕ-ಅಳತೆ ಇಲಾಖೆ) ಹಿಡಿದರೆ ದಂಡ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ ಇಳಿಯಿತಲ್ವಾ, ಅದರ ಲಾಭ ಗಿರಾಕಿಗೆ. ನಮ್ಮ ಮಾರ್ಜಿನ್ ಇದ್ದಲ್ಲೇ ಉಂಟು.

ಕೆಳಗಿನವರು ಹೇಗೆ ಕೊಡುತ್ತಾರೆ ಅಂತ ಕೇಳಬೇಡಿ. ಒಂದೋ ಅವರಿಗೆ ಕಂಪೆನಿಯಿಂದ ನೇರ ಸರಕು ಬರುತ್ತದೆ, ಇಲ್ಲ ನೀವು ಓಡುವವರೆಗೆ ನಷ್ಟ ತಿನ್ನಲು ತಯಾರಾಗಿ ಬಂದಿದ್ದಾರೆ.

ಚಹಾದ ಕಥೆ ಬೇರೆ. ಅದಕ್ಕೆ ಎಂಆರ್‌ಪಿ ಇಲ್ಲ, ಬೆಲೆ ನಿಮ್ಮದು. ಕಪ್ಪಿಗೆ 12 ಗ್ರಾಂ ಪುಡಿ ಬಿದ್ದರೆ ಕಿಲೋಗೆ 80 ಕಪ್ ಧಾರಾಳ ಆಗುತ್ತದೆ. ಆಫೀಸಿನಲ್ಲಿ ಹೀಗೆ ಹೇಳಿ: ಚಹಾಕ್ಕೆ ಶೇಕಡಾ ಕೊಡುತ್ತೇನೆ, ಪ್ಯಾಕೆಟಿಗೆ ಬಾಡಿಗೆ ಮಾತ್ರ. ಎರಡನ್ನೂ ಬೇರೆ ಬೇರೆ ಬರೆಸಿಕೊಳ್ಳಿ.

ತಲಪಾಡಿ ದಾಟುವ ಆಸೆ ಸದ್ಯ ಬಿಡಿ. ಇಲ್ಲಿಂದ ಆಚೆ ರಾಜ್ಯಕ್ಕೆ ಸರಕು ಮಾರುವುದಾದರೆ ವರ್ಷಕ್ಕೆ 40 ಲಕ್ಷದವರೆಗಿನ ವ್ಯಾಪಾರಕ್ಕೆ ನೋಂದಣಿ ಬೇಡ ಎಂಬ ಮಿತಿ ಲೆಕ್ಕಕ್ಕಿಲ್ಲ, ಜಿಎಸ್‌ಟಿ ನೋಂದಣಿ ಮೊದಲೇ ಬೇಕು. 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪುಂಟಲ್ವಾ?

ಬದಿಯಡ್ಕದ ರಿಪೇರಿಯವ:
ಟಚ್ ಸ್ಕ್ರೀನ್ ಬೇಡ. ಇರುವುದನ್ನೇ ಕೆಡದಂತೆ ನೋಡಿಕೊಳ್ಳಿ. ಆಟಿ ತಿಂಗಳ ಮಳೆಗೆ ಪ್ರೀಮಿಕ್ಸ್ ತೇವ ಹೀರಿ ಗಟ್ಟಿಯಾಗುತ್ತದೆ, ಬಿಸಿನೀರಿನ ಹಬೆ ಮೇಲೆ ಬಂದು ಪುಡಿ ಬೀಳುವ ಬಾಯಿಯನ್ನೇ ಕಟ್ಟುತ್ತದೆ. ಆಮೇಲೆ ಬರುವುದು ಚಹಾ ಅಲ್ಲ, ಬಣ್ಣದ ನೀರು. ಡಬ್ಬಿ ತುಂಬ ತುಂಬಿಸಬೇಡಿ. ಬೆಳಿಗ್ಗೆ ಅರ್ಧ ಕಿಲೋ, ಸಂಜೆ ಅರ್ಧ ಕಿಲೋ ಸಾಕು. ಮಿಕ್ಸಿಂಗ್ ಬೌಲ್ ದಿನಾ ತೊಳೆಯಿರಿ, ಒದ್ದೆ ಒರೆಸಿಯೇ ಕೂರಿಸಿ. ದುಡ್ಡು ಕಟ್ ಆಗಿ ಪ್ಯಾಕೆಟ್ ಸಿಕ್ಕಿಕೊಂಡರೆ ಫೋನ್ ಮಾಡಲು ನಂಬರ್ ದೊಡ್ಡದಾಗಿ ಅಂಟಿಸಿ. ಫೋನ್ ಎತ್ತಿ ಕೂಡ!

ಪೆರ್ಲದಕ್ಕ:
ನನಗೆ ವ್ಯಾಪಾರ ಗೊತ್ತಿಲ್ಲ. ಆದರೆ ಅಮ್ಮನನ್ನು ಅಡ್ಮಿಟ್ ಮಾಡಿದಾಗ ಹನ್ನೊಂದು ದಿನ ಬೈಸ್ಟ್ಯಾಂಡರ್ ಆಗಿ ಇಂಥದ್ದೇ ಒಂದು ಆಸ್ಪತ್ರೆಯಲ್ಲಿದ್ದೆ. ಹಗಲಿಗೆ ನಿಮ್ಮ ಮಷಿನ್ ಯಾರಿಗೆ ಬೇಕು? ಗೇಟಿನ ಹೊರಗೆ ಚಾಯ ಉಂಟು, ಬಿಸಿ ಗೋಳಿಬಜೆ ಉಂಟು. ಅದರ ರುಚಿ ಮಷಿನ್‌ಗೆ ಬಾರದು, ಬೇಜಾರು ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಮಾತ್ರ ಗತಿ ಮಷಿನೇ. ಆಗ ನಾವು ಹುಡುಕುತ್ತಿದ್ದದ್ದು ಚಹಾ ಅಲ್ಲ, ಬಿಸಿನೀರು. ಮಾತ್ರೆಗೆ, ಮಗುವಿನ ಹಾಲಿನ ಪುಡಿಗೆ, ಫ್ಲಾಸ್ಕಿಗೆ. ಅಲ್ಲಿನ ಮಷಿನ್‌ನಲ್ಲಿ ಬಿಸಿನೀರಿನ ಬಟನ್ ಇತ್ತು, ಆದರೆ ಇಂಗ್ಲಿಷಿನಲ್ಲಿ. ಪಕ್ಕದ ಬೆಡ್ಡಿನ ಉಮ್ಮನಿಗೆ ಮೂರನೇ ದಿನ ನಾನೇ ತೋರಿಸಿದೆ. ಒಂದು ರಾತ್ರಿ ಕಪ್ ಮುಗಿದಿತ್ತು. ಆ ಸಿಟ್ಟು ಈಗಲೂ ಉಂಟು ನೋಡಿ.

ಕುಂಬಳೆಯವ:
ಎಲ್ಲರಿಗೂ ಥ್ಯಾಂಕ್ಸ್. ಲೈನ್‌ಸೇಲ್ ಅಣ್ಣನ ಲೆಕ್ಕ ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹೂಂ ಅಂದುಬಿಡುವವನಿದ್ದೆ ನಾನು. ಇವತ್ತು ಆಫೀಸಿಗೆ ಹೋಗಿ ಮಾತಾಡಿದೆ. ಚಹಾಕ್ಕೆ ಶೇಕಡಾ 15, ಸ್ಪ್ರಿಂಗ್ ಮಷಿನ್ ತೆಗೆಯುತ್ತೇನೆ ಅಂದೆ. ಸೋಮವಾರ ಹೇಳುತ್ತಾರಂತೆ. ತೆಗೆದರೆ ಅದು ಸೀತಾಂಗೋಳಿಯಲ್ಲಿ ಭಾವನ ವರ್ಕ್‌ಶಾಪಿಗೆ ಹೋಗುತ್ತದೆ, ಅಲ್ಲಿ ಬಾಡಿಗೆ ಇಲ್ಲ.

ಅಕ್ಕ, ನನ್ನದರಲ್ಲೂ ಬಟನ್ ಇಂಗ್ಲಿಷಿನಲ್ಲೇ ಇತ್ತು. ಮೂರು ವರ್ಷ ದಿನಾ ನೋಡಿದ್ದೇನೆ, ತಲೆಗೇ ಹೋಗಿರಲಿಲ್ಲ. ಕನ್ನಡ, ಮಲಯಾಳ ಎರಡರಲ್ಲೂ ‘ಬಿಸಿನೀರು’ ಸ್ಟಿಕ್ಕರ್ ಮಾಡಿಸಲು ಕೊಟ್ಟಿದ್ದೇನೆ, 80 ರೂಪಾಯಿ ಆಯಿತು. ಕಪ್ಪಿನ ಒಂದು ಕಟ್ಟನ್ನು ಎರಡನೇ ಮಾಳಿಗೆಯ ಸೆಕ್ಯೂರಿಟಿಯವರ ಹತ್ತಿರ ಇಟ್ಟು ಬಂದೆ.