ಹ್ಯಾಮಿಲ್ಟನ್ 992: ಮುಳ್ಳುಗಳು ಮೂಲದವೇ, ಆಮೇಲೆ ಹಾಕಿದ್ದೇ?

ಸೆಕೆಂಡ್‌ಮುಳ್ಳು:
ಅಮೆರಿಕದ ಹ್ಯಾಮಿಲ್ಟನ್ ಕಂಪನಿಯ 992, ರೈಲ್ವೆಯವರು ಬಳಸುತ್ತಿದ್ದ ಜೇಬು ಗಡಿಯಾರ. 16 ಸೈಜು, 21 ಜ್ಯೂವೆಲ್ (ಸವೆತ ತಡೆಯುವ ಕಲ್ಲಿನ ಬೇರಿಂಗ್), ಲಿವರ್ ಸೆಟ್ (ಸಣ್ಣ ಲಿವರ್ ಎಳೆದು ಸಮಯ ಹೊಂದಿಸುವಂಥದ್ದು). ಸೀರಿಯಲ್ ನಂಬರ್ ಪ್ರಕಾರ 1910ರ ಆಸುಪಾಸಿನದು. ಎನಾಮೆಲ್‌ನ ಡಬಲ್ ಸಂಕ್ ಡಯಲ್, ಅಂದರೆ ನಡುಭಾಗವೂ ಸೆಕೆಂಡಿನ ವೃತ್ತವೂ ತಗ್ಗಾಗಿರುವುದು. ಗಂಟೆ ಮುಳ್ಳು ಸ್ಪೇಡ್ (ತುದಿಯ ಬಳಿ ಇಸ್ಪೀಟಿನ ಎಲೆಯಾಕಾರ), ನಿಮಿಷದ್ದು ಚಾಟಿಯಂತೆ ಸಪೂರ. ಮಾರುವವರು ‘ಎಲ್ಲ ಒರಿಜಿನಲ್’ ಅನ್ನುತ್ತಾರೆ. ನನ್ನ ಅನುಮಾನ ಎರಡು: ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳನ್ನು ಮುಟ್ಟದೆ ಸುಮಾರು 1.5 ಮಿ.ಮೀ. ಹಿಂದೆಯೇ ನಿಲ್ಲುತ್ತದೆ, ಸೆಕೆಂಡ್ ಮುಳ್ಳಿನ ನೀಲಿ ಉಳಿದೆರಡಕ್ಕಿಂತ ತಿಳಿ. ಏನೇನು ನೋಡಬೇಕು?

ಬ್ಯಾಲೆನ್ಸ್_ಚಕ್ರ:
ಬಣ್ಣದ್ದು ಆಮೇಲೆ, ಮೊದಲು ಉದ್ದ ನೋಡಿ. ರೈಲ್ವೆ ವಾಚಿನಲ್ಲಿ ನಿಮಿಷದ ಮುಳ್ಳಿನ ತುದಿ ನಿಮಿಷದ ಗೆರೆಗಳ ಮೇಲೇ ಬರಬೇಕು, ಗಂಟೆ ಮುಳ್ಳಿನ ತುದಿ ಅಂಕಿಗಳ ಒಳಅಂಚಿನ ಹತ್ತಿರ. 1891ರಲ್ಲಿ ಒಹಾಯೋದ ಕಿಪ್ಟನ್‌ನಲ್ಲಿ ರೈಲುಗಳು ಡಿಕ್ಕಿಯಾದ ಮೇಲೆ ಅಮೆರಿಕದ ರೈಲ್ವೆಗಳು ವಾಚಿನ ನಿಯಮ ಬಿಗಿ ಮಾಡಿದವು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದ ವಾಚಿನಲ್ಲಿ ನಿಮಿಷವನ್ನೇ ಅಂದಾಜಿನ ಮೇಲೆ ಓದುವಂತಿದ್ದರೆ ಏನು ಪ್ರಯೋಜನ?

1.5 ಮಿ.ಮೀ. ಅಂದರೆ ನನಗೆ ತಟ್ಟನೆ ನೆನಪಾಗುವುದು 12 ಸೈಜು. 16 ಸೈಜಿನ ಮೂವ್‌ಮೆಂಟಿನ (ಒಳಗಿನ ಯಂತ್ರದ) ವ್ಯಾಸ 43.18 ಮಿ.ಮೀ., 12ರದು 39.8. ತ್ರಿಜ್ಯದಲ್ಲಿ ವ್ಯತ್ಯಾಸ 1.7 ಮಿ.ಮೀ. ಚಿಕ್ಕ ವಾಚಿನ ಮುಳ್ಳು ಇಲ್ಲಿಗೆ ಬಂದಿರಬಹುದು. ಇನ್ನೊಂದು ಸಾಧ್ಯತೆ, ತುದಿ ಮುರಿದಿದ್ದನ್ನು ಉಜ್ಜಿ ಚೂಪು ಮಾಡಿರುವುದು. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ತುದಿ ನೋಡಿ. ಮುಟ್ಟದ ಮುಳ್ಳು ಬುಡದಿಂದ ಕೊನೆವರೆಗೆ ಒಂದೇ ಸಮನೆ ಸಪೂರವಾಗುತ್ತದೆ, ನೀಲಿ ತುದಿವರೆಗೂ ಇರುತ್ತದೆ. ಉಜ್ಜಿದ್ದರಲ್ಲಿ ಕೊನೆಯ ಅರ್ಧ ಮಿ.ಮೀ. ಥಟ್ಟನೆ ಸಣ್ಣಗಾಗುತ್ತದೆ, ಬಿಳಿ ಉಕ್ಕು ಕಾಣುತ್ತದೆ, ಅರದ ಗೀರೂ ಇರುತ್ತದೆ.

ಗಾಜಿನ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ಕಣ್ಣಿನ ಕೋನದಿಂದ ಅಳತೆ ತಪ್ಪುತ್ತದೆ. ನೇರ ಮೇಲಿನಿಂದ ಫೋಟೊ ತೆಗೆದು, ಡಯಲಿನ ವ್ಯಾಸಕ್ಕೆ ಮುಳ್ಳಿನ ಉದ್ದ ಎಷ್ಟು ಪಾಲು ಎಂದು ಲೆಕ್ಕ ಹಾಕಿ. ಅದೇ ಡಯಲಿನ ಇನ್ನೂ ನಾಲ್ಕೈದು 992ಗಳ ಫೋಟೊಗಳಲ್ಲೂ ಹಾಗೇ ಮಾಡಿ.

ನೀಲಿಉಕ್ಕು:
ಬಣ್ಣದ ಬಗ್ಗೆ: ಆ ಕಾಲದ ಮುಳ್ಳುಗಳ ನೀಲಿ ಪೇಂಟ್ ಅಲ್ಲ, ನಯ ಮಾಡಿದ ಉಕ್ಕನ್ನು ಕಾಯಿಸಿದಾಗ ಬರುವ ಪದರ. ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಹುಲ್ಲಿನ ಹಳದಿ, 280ಕ್ಕೆ ನೇರಳೆ, 300ರ ಹತ್ತಿರ ಗಾಢ ನೀಲಿ. ಅದನ್ನು ದಾಟಿದರೆ ತಿಳಿಯಾಗಿ ಬೂದಿಗೆ ತಿರುಗುತ್ತದೆ. ಸೆಕೆಂಡ್ ಮುಳ್ಳು ತೀರಾ ತೆಳು, ಕ್ಷಣದಲ್ಲಿ ದಾಟಿಬಿಡುತ್ತದೆ. ಆದ್ದರಿಂದ ತಿಳಿ ನೀಲಿ ಎಂಬ ಒಂದೇ ಕಾರಣಕ್ಕೆ ಬದಲಿಸಿದ್ದೆಂದು ತೀರ್ಮಾನಿಸಬೇಡಿ.

ವಾಚನ್ನು ದೀಪದ ಕೆಳಗೆ ನಿಧಾನ ವಾಲಿಸಿ. ಕಾಯಿಸಿದ ನೀಲಿ ಒಂದು ಕೋನದಲ್ಲಿ ಕಪ್ಪಗಿದ್ದು ಇನ್ನೊಂದರಲ್ಲಿ ಝಗ್ಗನೆ ನೀಲಿಯಾಗುತ್ತದೆ. ಪೇಂಟ್ ಎಲ್ಲ ಕೋನದಲ್ಲೂ ಒಂದೇ. ಅದರ ಅಂಚು ದಪ್ಪ, ನಡುವಿನ ತೂತಿನ ಸುತ್ತ ಚಕ್ಕೆ ಎದ್ದಿರುತ್ತದೆ.

ಎಲ್ಲಕ್ಕಿಂತ ನಿಜ ಹೇಳುವುದು ತೂತು. ಕಂಪನಿಯಿಂದ ಕಂಪನಿಗೆ ತೂತಿನ ಅಳತೆ ಬೇರೆ. ಬೇರೆ ವಾಚಿನ ಮುಳ್ಳು ಕೂರದಿದ್ದರೆ ಬ್ರೋಚ್ (ತೂತು ಕೆರೆಯುವ ಚೂಪು ಸಲಕರಣೆ) ಹಾಕಿ ದೊಡ್ಡದು ಮಾಡುತ್ತಾರೆ, ಸಡಿಲವಾದರೆ ಗಂಟೆ ಮುಳ್ಳಿನ ಕೊಳವೆಯನ್ನು ಇಕ್ಕಳದಲ್ಲಿ ಒತ್ತುತ್ತಾರೆ. ಬಿಚ್ಚಿದಾಗ ತೂತಿನ ಒಳಗೋಡೆ ಹೊಸ ಉಕ್ಕಿನಂತೆ ಹೊಳೆಯುತ್ತಿದ್ದರೆ, ಕೆಳಗಿನ ಅಂಚಿನಲ್ಲಿ ಸಿಬಿರು ಎದ್ದಿದ್ದರೆ, ಕೊಳವೆ ದುಂಡಗಿರದೆ ಮೂರು ಕಡೆ ಚಪ್ಪಟೆಯಾಗಿದ್ದರೆ ಆ ಮುಳ್ಳನ್ನು ಅಲ್ಲಿ ಬಲವಂತವಾಗಿ ಕೂರಿಸಿದ್ದಾರೆ.

ಸೆಕೆಂಡ್‌ಮುಳ್ಳು:
ಲೂಪ್‌ನಲ್ಲಿ ನೋಡಿದೆ. ನಿಮಿಷದ ಮುಳ್ಳಿನ ತುದಿ ಸರಿಯಿದೆ, ನೀಲಿ ಕೊನೆವರೆಗೂ ಇದೆ. ಮೂರೂ ಮುಳ್ಳು ವಾಲಿಸಿದಾಗ ಕಪ್ಪಾಗುತ್ತವೆ. ಹಾಗಾದರೆ 12 ಸೈಜಿನದೇ ಇರಬೇಕು. ಬಿಚ್ಚಿ ತೂತು ನೋಡುವುದು ಹೇಗೆ?

ಬ್ಯಾಲೆನ್ಸ್_ಚಕ್ರ:
ಮುಂದಿನ ಬೆಜೆಲ್ (ಗಾಜು ಹಿಡಿದಿರುವ ಬಳೆ) ತಿರುಗಿಸಿ ಬಿಚ್ಚಿ, ಲಿವರ್ ಎಳೆದು ಎರಡೂ ಮುಳ್ಳುಗಳನ್ನು 12ಕ್ಕೆ ತನ್ನಿ. ತೆಳು ಪ್ಲಾಸ್ಟಿಕ್ ಹಾಳೆಗೆ ಸೀಳು ಹಾಕಿ ಮುಳ್ಳಿನ ಕೆಳಗೆ ತೂರಿಸಿ. ಎದುರುಬದುರು ಎರಡು ಸನ್ನೆಗಳನ್ನು ಗಂಟೆ ಮುಳ್ಳಿನ ಬುಡಕ್ಕೆ ಕೊಟ್ಟು ಸಮವಾಗಿ ಎತ್ತಿದರೆ ಎರಡೂ ಒಟ್ಟಿಗೆ ಬರುತ್ತವೆ. ಡಬಲ್ ಸಂಕ್ ಡಯಲಿನ ನಡುಭಾಗ ಬೇರೆ ತುಂಡು, ಸುತ್ತಲಿನ ಭಾಗಕ್ಕೆ ಕೂಡಿಸಿದ್ದು. ಸನ್ನೆಯ ಭಾರ ಆ ಕೂಡಿನ ಅಂಚಿನ ಮೇಲೆ ಬಿದ್ದರೆ ಎನಾಮೆಲ್ ಚಟ್ಟನೆ ಬಿರಿಯುತ್ತದೆ. ಮೇಲೊಂದು ಹಾಳೆ ಮುಚ್ಚಿ, ಇಲ್ಲದಿದ್ದರೆ ಮುಳ್ಳು ಹಾರಿಹೋಗುತ್ತದೆ. ಸೆಕೆಂಡ್ ಮುಳ್ಳಿನ ಕೊಳವೆ ಸೀಳುವುದು ಬಲು ಸುಲಭ. ತೂತು ನೋಡಲಿಕ್ಕೆಂದೇ ಆದರೆ ಅದನ್ನು ಬಿಟ್ಟುಬಿಡಿ.

ಹಳೆಡಯಲ್:
ಒಂದು ಮಾತು ಸೇರಿಸುತ್ತೇನೆ. ಮುಳ್ಳಿನ ಮೇಲೆ ಸೀರಿಯಲ್ ನಂಬರ್ ಇರುವುದಿಲ್ಲ. ರೈಲ್ವೆ ಕೆಲಸದಲ್ಲಿದ್ದ ವಾಚು ಕಾಲಕಾಲಕ್ಕೆ ತಪಾಸಣೆಗೆ, ರಿಪೇರಿಗೆ ಹೋಗಿ ಬರುತ್ತಿತ್ತು, ಹಾಳಾದ ಮುಳ್ಳನ್ನು ಅಲ್ಲೇ ಬದಲಿಸುತ್ತಿದ್ದರು. ಹಾಗಾಗಿ ‘ಒರಿಜಿನಲ್’ ಎಂದು ಯಾರೂ ಸಾಬೀತು ಮಾಡಲಾರರು. ‘ಈ ಮಾದರಿಗೆ, ಈ ಕಾಲಕ್ಕೆ ಸರಿಯಾದದ್ದು’ ಎಂದು ಹೇಳಬಹುದು, ಅದೇ ಪ್ರಾಮಾಣಿಕ ಮಾತು. ನಿಮ್ಮ ಗಂಟೆ ಮುಳ್ಳು ಆ ಮಾತಿಗೆ ನಿಲ್ಲುತ್ತದೆ, ನಿಮಿಷದ್ದು ನಿಲ್ಲುವುದಿಲ್ಲ. ಇದೇ ಡಯಲಿನ ಮೇಲೆ ಬಂಗಾರದ ಬಣ್ಣದ ಬಳ್ಳಿ ಕುಸುರಿಯ ಲೂಯಿ ಮುಳ್ಳುಗಳಿದ್ದರೆ ಅನುಮಾನಕ್ಕೇ ಜಾಗವಿರುತ್ತಿರಲಿಲ್ಲ. ಅವು ರೈಲ್ವೆ ಡಯಲಿನವಲ್ಲ.

ಸರಿಯಾದದ್ದು ಸಿಕ್ಕಾಗ ಹಾಕಿ, ಈಗಿರುವುದನ್ನು ಚೀಟಿ ಬರೆದು ವಾಚಿನ ಜೊತೆಯಲ್ಲೇ ಇಡಿ. ಹಾಕಿದ ಮೇಲೆ ಲಿವರ್ ಎಳೆದು ಪೂರಾ 12 ಗಂಟೆ ತಿರುಗಿಸಿ ನೋಡಿ. ಗಂಟೆ ಮುಳ್ಳು 6ರ ಮೇಲೆ ಹಾಯುವಾಗ ಸೆಕೆಂಡ್ ಮುಳ್ಳಿಗೆ ತಾಗಬಾರದು, ನಿಮಿಷದ್ದು ಗಾಜಿಗೆ ತಾಗಬಾರದು. ವಾಚು ದಿನಾ ಆರು ಗಂಟೆಯ ಹತ್ತಿರವೇ ನಿಲ್ಲುತ್ತಿದ್ದರೆ ಮೂವ್‌ಮೆಂಟ್ ಬಿಚ್ಚುವ ಮೊದಲು ಅಲ್ಲಿ ನೋಡಿ.