ಆನ್‌ಲೈನ್ ಬಿಕಾಂ ಮಕ್ಕಳು ಬಾಯೇ ಬಿಡಲ್ಲ, ಇನ್‌ಸ್ಟಾ ಪೇಜ್ ಮಾಡಿದ್ರೆ ಮಾತಾಡ್ತಾರಾ?

ಕಾಮರ್ಸ್_ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಒಂದು ಯೂನಿವರ್ಸಿಟಿಯ ಆನ್‌ಲೈನ್ ಬಿಕಾಂಗೆ ಮನೇಲೇ ಕೂತು ಪಾಠ ಮಾಡ್ತೀನಿ. ಇದಕ್ಕೂ ಮುಂಚೆ ಏಳು ವರ್ಷ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ. ಅಲ್ಲಿ ಕೊನೇ ಬೆಂಚಿನವನು ಫೋನ್ ನೋಡ್ತಿದ್ರೂ ಬಗ್ಗಿಸಿದ ತಲೆ ಕಂಡೇ ಗೊತ್ತಾಗೋದು, ಒಂದು ಸಲ ಹೆಸರು ಕರೆದ್ರೆ ಸಾಕಿತ್ತು. ಈಗ ಬರೀ ಕಪ್ಪು ಚೌಕ, ಅದರ ಮಧ್ಯ ಒಂದೊಂದು ಅಕ್ಷರ, ನಾನು ಲ್ಯಾಪ್‌ಟಾಪಿಗೆ ಪಾಠ ಮಾಡ್ತಿದೀನೋ ಮಕ್ಕಳಿಗೆ ಮಾಡ್ತಿದೀನೋ ಅನ್ನಿಸಿಬಿಟ್ಟಿದೆ.

ಲಿಸ್ಟಲ್ಲಿ 86 ಜನ ಇದಾರೆ. ಶನಿವಾರ ಬೆಳಿಗ್ಗೆ 9ಕ್ಕೆ ಲೈವ್ ಕ್ಲಾಸು, ಬರೋದು ಹದಿನಾಲ್ಕೋ ಹದಿನೈದೋ. ಮೊನ್ನೆ ಕ್ಲಾಸ್ ಮುಗಿದ ಮೇಲೂ ಇಬ್ಬರ ಹೆಸರು ಹಾಗೇ ಉಳ್ಕೊಂಡಿತ್ತು, ಪಾಪ ಏನೋ ಡೌಟ್ ಇರ್ಬೇಕು ಎಲ್ಲರ ಮುಂದೆ ಕೇಳಕ್ಕೆ ನಾಚಿಕೆ ಇರ್ಬೇಕು ಅಂತ ಹತ್ತು ನಿಮಿಷ ಕಾದೆ, ಹೆಸರು ಹಿಡ್ದು ಕರೆದೆ, ಅವರು ಅಲ್ಲಿರಲೇ ಇಲ್ಲ, ಲಾಗಿನ್ ಆಗಿ ಫೋನ್ ಇಟ್ಟು ಎಲ್ಲೋ ಹೋಗಿದಾರೆ.

ಎಲ್‌ಎಂಎಸ್‌ನಲ್ಲಿ (ಯೂನಿವರ್ಸಿಟಿಯ ಪಾಠದ ವೆಬ್‌ಸೈಟು) ಚರ್ಚೆಗೆ ಅಂತ ಒಂದು ಜಾಗ ಕೊಟ್ಟಿದಾರೆ. ಮೂರು ತಿಂಗಳಲ್ಲಿ ನಾಲ್ಕು ಪೋಸ್ಟ್ ಬಿದ್ದಿದೆ, ಮೂರು ನಂದು, ನಾಲ್ಕನೇದು "ಮ್ಯಾಮ್ ಎಕ್ಸಾಂ ಯಾವಾಗ". ವಾಟ್ಸಾಪ್ ಗ್ರೂಪ್ ಮಾಡಿದೆ, ಅದ್ರಲ್ಲಿ ಗುಡ್ ಮಾರ್ನಿಂಗ್ ಹೂವು, ಹಬ್ಬದ ಶುಭಾಶಯ, ಒಂದಿನ ಯಾರೋ ಲೋನ್ ಆ್ಯಪ್ ಲಿಂಕೂ ಹಾಕಿದ್ರು.

ಈಗ ನಮ್ಮ ಕೋಆರ್ಡಿನೇಟರ್ ಹೇಳ್ತಾರೆ, ಇನ್‌ಸ್ಟಾ ಪೇಜ್ ಮಾಡಿ ರೀಲ್ಸ್ ಹಾಕಿ ಮೇಡಂ, ಈಗಿನ ಮಕ್ಕಳು ಇರೋದೇ ಅಲ್ಲಿ ಅಂತ. ನನಗೆ 41 ವರ್ಷ, 30 ಸೆಕೆಂಡಲ್ಲಿ ಹಿಂದೆ ಮ್ಯೂಸಿಕ್ ಹಾಕ್ಕೊಂಡು ಜಿಎಸ್‌ಟಿ ಹೇಳು ಅಂದ್ರೆ ಕೈಕಾಲು ಆಡಲ್ಲ. ನಿಜವಾಗ್ಲೂ ಇದ್ರಿಂದ ಏನಾದ್ರೂ ಆಗತ್ತಾ? ಯಾರಾದ್ರೂ ಮಾಡಿ ನೋಡಿದೀರಾ? ಮಾಡಿದವರು ಮಾತ್ರ ಹೇಳಿ, "ಟೆಕ್ನಾಲಜಿ ಅಳವಡಿಸ್ಕೊಳ್ಳಬೇಕು" ಅನ್ನೋ ಭಾಷಣ ವೆಬಿನಾರಲ್ಲಿ ಬೇಕಾದಷ್ಟು ಕೇಳಿದೀನಿ.

ರಾತ್ರಿಪಾಳಿ

ಮೇಡಂ ನಾನು ಮೇಷ್ಟ್ರಲ್ಲ, ಆ ಕಪ್ಪು ಚೌಕದ ಒಳಗಡೆ ಇರೋನು. ನಿಮ್ಮ ಯೂನಿವರ್ಸಿಟಿ ಅಲ್ಲ ಬೇರೆ ಕಡೆ ಆನ್‌ಲೈನ್ ಡಿಗ್ರಿ ಮಾಡ್ತಿದೀನಿ, ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸ. ಶನಿವಾರ ಬೆಳಿಗ್ಗೆ 9 ಗಂಟೆ ಅಂದ್ರೆ ನೈಟ್ ಶಿಫ್ಟ್ ಮುಗಿಸಿ ರೂಮಿಗೆ ಬಂದು ಅನ್ನಕ್ಕೆ ಇಡೋ ಟೈಮು. ಒಂದು ರೂಮಲ್ಲಿ ನಾಲ್ಕು ಜನ ಇದೀವಿ, ಕ್ಯಾಮೆರಾ ಆನ್ ಮಾಡಿ ಅಂತೀರಿ, ಆನ್ ಮಾಡಿದ್ರೆ ಹಿಂದೆ ಒಬ್ಬ ಬನಿಯನಲ್ಲಿ ಮಲಗಿರ್ತಾನೆ ಇನ್ನೊಬ್ಬ ಹಗ್ಗದ ಮೇಲೆ ಬಟ್ಟೆ ಹಾಕ್ತಿರ್ತಾನೆ. ಮೈಕ್ ಆನ್ ಮಾಡಿದ್ರೆ ಕುಕ್ಕರ್ ಕೂಗತ್ತೆ. ಅದೂ ಬಿಡಿ, ಇಂಗ್ಲಿಷಲ್ಲಿ ಕೇಳ್ಬೇಕು ಅಂತ ಮನಸ್ಸಲ್ಲೇ ಸೆಂಟೆನ್ಸ್ ಜೋಡಿಸೋ ಹೊತ್ತಿಗೆ ಸರ್ ಮುಂದಿನ ಸ್ಲೈಡಿಗೆ ಹೋಗಿರ್ತಾರೆ.

ಲಾಗಿನ್ ಆಗಿ ಫೋನ್ ಇಟ್ಟು ಹೋಗೋ ಕೆಲಸ ನಾನೂ ಮಾಡಿದೀನಿ, ಸುಳ್ಳು ಹೇಳಲ್ಲ. ಅಟೆಂಡೆನ್ಸ್ ಬೀಳತ್ತೆ ಅಂತ.

ನಾನು ನಿಜವಾಗ್ಲೂ ನೋಡೋದು ರೆಕಾರ್ಡಿಂಗು, ಅದೂ ಬಸ್ಸಲ್ಲಿ, ಡೇಟಾ ಉಳೀಲಿ ಅಂತ 144ಪಿ ಇಟ್ಕೊಂಡು. ಆ ಕ್ವಾಲಿಟಿಲಿ ನಿಮ್ಮ ಸ್ಲೈಡಿನ ಸಣ್ಣ ಅಕ್ಷರ ಓದಕ್ಕೆ ಆಗಲ್ಲ, ಲೆಕ್ಕ ಹಾಕುವಾಗ ಸಂಖ್ಯೆನ ಬಾಯಲ್ಲೂ ಹೇಳಿ ಮೇಡಂ, ಅಷ್ಟು ಮಾಡಿದ್ರೆ ದೊಡ್ಡ ಉಪಕಾರ. ಇನ್ನೊಂದು, ಒಂದೂವರೆ ಗಂಟೆ ವಿಡಿಯೋಲಿ ನನಗೆ ಬೇಕಾಗಿರೋ ಲೆಕ್ಕ ಎಲ್ಲಿದೆ ಅಂತ ಹುಡುಕೋದ್ರಲ್ಲೇ ಮೆಜೆಸ್ಟಿಕ್ ಬಂದುಬಿಡತ್ತೆ.

ರೀಲ್ಸ್ ನೋಡ್ತೀನಿ, ಕೆಲಸ ಮರೆಯಕ್ಕೆ ನೋಡ್ತೀನಿ. ಮಧ್ಯ ಜಿಎಸ್‌ಟಿ ಬಂದ್ರೆ ಬೆರಳು ತಾನಾಗೇ ಮೇಲಕ್ಕೆ ತಳ್ಳತ್ತೆ, ಬೇಜಾರಾಗ್ಬೇಡಿ.

ಒಂದು ಕೋರ್ಸ್ ಮಾತ್ರ ಕೊನೇವರೆಗೂ ಬಿಡದೆ ಮಾಡಿದೀನಿ, ಎನ್‌ಪಿಟಿಇಎಲ್‌ದು. ಐಐಟಿ, ಐಐಎಸ್‌ಸಿಯವರು ನಡೆಸೋ ಆನ್‌ಲೈನ್ ಕೋರ್ಸು ಅದು, ಅಲ್ಲೇನು ಮೇಷ್ಟ್ರು ಡ್ಯಾನ್ಸ್ ಮಾಡಲ್ಲ. ವಾರ ವಾರ ಒಂದು ಅಸೈನ್ಮೆಂಟು, 12 ವಾರದ ಕೋರ್ಸಲ್ಲಿ ಒಳ್ಳೇ 8 ಮಾತ್ರ ಲೆಕ್ಕಕ್ಕೆ ತಗೋತಾರೆ, ಅದಕ್ಕೆ 25 ಮಾರ್ಕ್ಸು. ಶಿಫ್ಟ್ ಹೆಚ್ಚಾಗಿ ಎರಡು ವಾರ ತಪ್ಪಿದ್ರೂ ಮುಗೀತು ಕಥೆ ಅಂತ ಆಗಲ್ಲ. ನಮ್ಮ ಡಿಗ್ರೀಲಿ ಒಂದು ತಪ್ಪಿದ್ರೆ ಸೊನ್ನೆ, ಸೊನ್ನೆ ಬಿದ್ದ ಮೇಲೆ ಇನ್ನೊಂದು ಯಾಕೆ ಬರೀಬೇಕು ಅನ್ಸತ್ತೆ.

ಧಾರವಾಡ_ಪೇಢಾ

ಮೇಡಂರೀ, ರಾತ್ರಿಪಾಳಿ ತಮ್ಮ ಹೇಳಿದ್ದು ಅಗದೀ ಖರೇ ಅದ. ನಾ ಡಿಸ್ಟನ್ಸ್ ಎಂಕಾಂ ಹುಡುಗೂರಿಗೆ ಮೂರು ವರ್ಷದಿಂದ ಹೇಳಾಕತ್ತೀನಿ. ಮೊದಲು ನಾನೂ ಎಲ್ಲಾ ಆ್ಯಪ್ ಹಚ್ಚಿ ನೋಡಿದೆ, ಒಂದಕ್ಕೊಂದು ಪಾಸ್‌ವರ್ಡ್, ಹುಡುಗೂರು "ಸರ್ ಯಾವುದರಾಗ ಹಾಕೀರಿ" ಅಂತ ಕೇಳೂದರಾಗ ಸೆಮಿಸ್ಟರ್ ಮುಗೀತು. ಗೂಗಲ್ ಜಾಮ್‌ಬೋರ್ಡ್ ಅಂತ ಆನ್‌ಲೈನ್ ಹಲಗಿ ಇತ್ತು, ಅದರ ಮ್ಯಾಲೆ ಎಲ್ಲಾ ಚಂದಂಗ ಬರದಿಟ್ಟಿದ್ದೆ, 2024ರ ಕೊನೀಗೆ ಅವರು ಅದನ್ನ ಮುಚ್ಚೇ ಬಿಟ್ರು. ಅವತ್ತಿಂದ ಹೊಸಾ ಟೂಲ್ ಅಂದ್ರ ಕೈ ಮುಗೀತೀನಿ.

ಈಗ ನಂದು ಒಂದs. ಟೆಲಿಗ್ರಾಂನ್ಯಾಗ ಕ್ವಿಜ್ ಪೋಲ್ ಅದ ನೋಡ್ರಿ, ದಿನಾ ರಾತ್ರಿ 9.30ಕ್ಕ ಒಂದು ಪ್ರಶ್ನಿ, ಒಂದs ಪ್ರಶ್ನಿ. ಯಾರು ಏನ್ ಒತ್ತಿದ್ರು ಅಂತ ಯಾರಿಗೂ ಕಾಣಂಗಿಲ್ಲ, ಅದs ಅದರ ಗಮ್ಮತ್ತು. ವಾಟ್ಸಾಪ್ ಪೋಲ್‌ನ್ಯಾಗ ಹೆಸರು ಕಾಣ್ತದ, ಅದಕ್ಕ ಮೊದಲು ಶ್ಯಾಣ್ಯಾ ಹುಡುಗಿ ಒತ್ತೂತನಕ ಎಲ್ಲಾರೂ ಕಾಯ್ತಾರ, ಆಮ್ಯಾಲೆ ಎಲ್ಲಾರೂ ಅಕಿ ಒತ್ತಿದ್ದs ಒತ್ತತಾರ! ಟೆಲಿಗ್ರಾಂ ಕ್ವಿಜ್‌ನ್ಯಾಗ ಇನ್ನೊಂದು ಚಲೋ ಅಂದ್ರ ತಪ್ಪು ಒತ್ತಿದವರಿಗೆ ಸಣ್ಣ ವಿವರಣಿ ತೋರಸಬಹುದು.

ಆದರ ಪ್ರಶ್ನಿ ಹೆಂಗ ಇರಬೇಕು ಅಂದ್ರ ಪುಸ್ತಕದ ವ್ಯಾಖ್ಯಾ ಕೇಳಬಾರದು. "ಡಿಪ್ರಿಸಿಯೇಷನ್ ಹಾಕಿದ್ರ ಗಲ್ಲಾಪೆಟ್ಟಿಗಿಂದ ರೊಕ್ಕ ಹೊರಗ ಹೋಗ್ತದೋ ಇಲ್ಲೋ?" ಅಂತ ಕೇಳಿದೆ. ಅದು ಸಾಮಾನು ಹಳೇದಾಗಿ ಬೆಲಿ ಇಳಿದದ್ದನ್ನ ಪುಸ್ತಕದಾಗ ಬರಿಯೂ ಲೆಕ್ಕ ಅಷ್ಟ, ರೊಕ್ಕ ಹೋಗಂಗಿಲ್ಲ, ಆದರೂ ಅರ್ಧಕ್ಕರ್ಧ ಮಂದಿ ಹೋಗ್ತದ ಅಂತ ಒತ್ತಿದ್ರು. ಎಂಕಾಂರೀ! ಮರುದಿನ ಲೈವ್ ಕ್ಲಾಸಿಗೆ ನನಗ ಏನು ಹೇಳಬೇಕು ಅಂತ ಗೊತ್ತಾತು. ಅವರಿಗೆ ಗೊತ್ತಾತೋ ಬಿಟ್ಟಿತೋ, ನನಗಂತೂ ಗೊತ್ತಾತು.

ಆ ತಮ್ಮ ಕೇಳಿದ್ದಕ್ಕ, ವಿಡಿಯೋ ಯೂಟ್ಯೂಬ್‌ನ್ಯಾಗ ಅನ್‌ಲಿಸ್ಟೆಡ್ (ಲಿಂಕ್ ಇದ್ದವರಿಗಷ್ಟs ಕಾಣೂಹಂಗ) ಇಟ್ಟು ಕೆಳಗ ಡಿಸ್ಕ್ರಿಪ್ಷನ್‌ದಾಗ ಟೈಮ್ ಬರೀರಿ. ಮೊದಲನೇದು 0:00 ಇರಬೇಕು, ಕಡಿಮೀ ಅಂದ್ರ ಮೂರು ಟೈಮ್ ಇರಬೇಕು, ಒಂದೊಂದು ಭಾಗ 10 ಸೆಕೆಂಡಿಗಿಂತ ಸಣ್ಣದು ಇರಬಾರದು, ಅಂದ್ರ ತಾನs ಚಾಪ್ಟರ್ ಆಗಿ ಕತ್ತರಿಸಿ ತೋರಸ್ತದ. ಐದು ನಿಮಿಷದ ಕೆಲಸ.

ಮಾಷ್ಟ್ರು_ಪುತ್ತೂರು

ಟೆಲಿಗ್ರಾಂ, ವಾಟ್ಸಾಪ್ ಎಲ್ಲ ಸರಿ, ಆದರೆ ಒಂದು ವಿಷಯ ಯಾರೂ ಹೇಳ್ಲಿಲ್ಲ ಮಾರಾಯ್ರೇ. 86 ಜನರನ್ನು ಒಂದು ವಾಟ್ಸಾಪ್ ಗ್ರೂಪಿಗೆ ಹಾಕಿದ್ರೆ 86 ಜನರ ನಂಬರ್ ಎಲ್ಲರಿಗೂ ಹೋಯ್ತು. ಕಾಲೇಜಲ್ಲಾದ್ರೆ ಒಬ್ಬರಿಗೊಬ್ಬರು ಮುಖ ನೋಡಿ ಗೊತ್ತುಂಟು, ಇಲ್ಲಿ ಯಾರು ಯಾರು ಅಂತ್ಲೇ ಗೊತ್ತಿಲ್ಲ. ನಾನು ಪಾಠ ಮಾಡಿದ ಒಂದು ಬ್ಯಾಚಲ್ಲಿ ಒಬ್ಬಳು ಹುಡುಗಿಗೆ ಗ್ರೂಪಿಂದ ನಂಬರ್ ತೆಗ್ದು ಯಾರೋ ರಾತ್ರಿ ಮೆಸೇಜ್ ಮಾಡ್ಲಿಕ್ಕೆ ಶುರು ಮಾಡಿದ, ಅವಳು ನಮಗೆ ಹೇಳ್ಲೂ ಇಲ್ಲ, ಸುಮ್ಮನೆ ಗ್ರೂಪ್ ಬಿಟ್ಳು, ನಾವು "ಓದುವ ಆಸಕ್ತಿ ಇಲ್ಲ" ಅಂತ ಬರ್ಕೊಂಡೆವು. ಒಂದು ತಿಂಗಳು ಕಳ್ದು ಗೊತ್ತಾದದ್ದು. ನನಗೆ ಈಗ್ಲೂ ಅದು ಚುಚ್ತದೆ.

ವಾಟ್ಸಾಪಲ್ಲಿ ಕಮ್ಯೂನಿಟಿ ಅಂತ ಉಂಟಲ್ಲ, ಅದ್ರ ಅನೌನ್ಸ್‌ಮೆಂಟ್ ಗ್ರೂಪಲ್ಲಿ ಅಡ್ಮಿನ್ ಬಿಟ್ಟು ಉಳಿದವರಿಗೆ ಬೇರೆಯವರ ನಂಬರ್ ಕಾಣುದಿಲ್ಲ, ನೋಟಿಸೆಲ್ಲ ಅದ್ರಲ್ಲಿ ಹಾಕಿ. ಟೆಲಿಗ್ರಾಂ ಆದ್ರೆ ಸೆಟ್ಟಿಂಗ್ಸಲ್ಲಿ ನಂಬರ್ ಯಾರಿಗೂ ಕಾಣದ ಹಾಗೆ ಮಾಡ್ಬಹುದು, ಅದನ್ನು ಮೊದಲ ದಿನವೇ ಎಲ್ಲರ ಹತ್ರ ಮಾಡಿಸಿ.

ಇನ್‌ಸ್ಟಾ ಬೇಡವೇ ಬೇಡ ಅಂತ ನಾನು ಹೇಳುದಿಲ್ಲ. ರೀಲ್ಸ್ ಬಿಡಿ, ಸ್ಟೋರಿಯಲ್ಲಿ ಪ್ರಶ್ನೆ ಕೇಳುವ ಸ್ಟಿಕ್ಕರ್ ಉಂಟು. ಮಕ್ಕಳು ಬರ್ದದ್ದು ನಿಮಗೆ ಮಾತ್ರ ಕಾಣ್ತದೆ, ನೀವು ಅದನ್ನು ಮತ್ತೆ ಸ್ಟೋರಿಗೆ ಹಾಕಿದ್ರೆ ಬರ್ದವರ ಹೆಸರು ಬರುದಿಲ್ಲ. ಕ್ಲಾಸಲ್ಲಿ ಬಾಯಿ ಬಿಡದವರು ಅಲ್ಲಿ ಬರೀತಾರೆ. ಆದ್ರೆ ಎಲ್ಲರಿಗೂ ಇನ್‌ಸ್ಟಾ ಇರುದಿಲ್ಲ, ನಮ್ಮ ಊರ ಕಡೆ ಮದುವೆಯಾಗಿ ಮತ್ತೆ ಓದುವ ಹೆಂಗಸರು ಸುಮಾರು ಜನ ಇದ್ದಾರೆ, ಫೋನ್ ಮನೆಯಲ್ಲಿ ನಾಲ್ಕು ಜನರ ಕೈಗೆ ಹೋಗ್ತದೆ. ಮಾರ್ಕ್ಸ್ ಇರುವ ಯಾವ ಕೆಲಸವನ್ನೂ ಅಲ್ಲಿ ಇಡ್ಬೇಡಿ.

ನೆಟ್‌ವರ್ಕ್ ಕಥೆ ಬೇರೆ. 2021ರ ಮಳೆಗಾಲದಲ್ಲಿ ಸುಳ್ಯದ ಕಡೆ ರಸ್ತೆ ಬದಿ ಕೂತ ಮಗಳಿಗೆ ಅಪ್ಪ ಛತ್ರಿ ಹಿಡ್ಕೊಂಡು ನಿಂತ ಫೋಟೋ ಎಲ್ಲರೂ ನೋಡಿದ್ದೀರಿ. ಅದು ನಮಗೆ ಹೊಸತಾಗಿ ಕಾಣ್ಲೇ ಇಲ್ಲ.

ಹಳೇ_ಮೇಷ್ಟ್ರು

ಇದೆಲ್ಲ ಮಾಡಿ ಕೊನೆಗೆ ಏನು? ಓದೋನು ಬೀದಿ ದೀಪದಲ್ಲೂ ಓದ್ತಾನೆ. ಮಕ್ಕಳನ್ನ ಓಲೈಸೋದು ಮೇಷ್ಟ್ರ ಕೆಲಸ ಅಲ್ಲ. ಕ್ವಿಜ್ಜಂತೆ ಸ್ಟಿಕ್ಕರಂತೆ.

ರಾತ್ರಿಪಾಳಿ

ಸರ್ ಬೀದಿ ದೀಪದಲ್ಲಿ ಓದಿದವರು ಪಾಸಾದ ಮೇಲೆ ಕಥೆ ಹೇಳ್ತಾರೆ, ಓದಕ್ಕಾಗದೆ ಬಿಟ್ಟವರು ಇಲ್ಲಿ ನನ್ನ ಪಕ್ಕದ ಮೆಷಿನಲ್ಲಿ ಇದಾರೆ. ತಪ್ಪು ತಿಳ್ಕೋಬೇಡಿ.

ಕಾಮರ್ಸ್_ಮೇಡಂ

ಐದು ವಾರ ಆದ್ಮೇಲೆ ಬರ್ತಿದೀನಿ, ಕ್ಷಮಿಸಿ, ವ್ಯಾಲ್ಯುಯೇಷನ್ ಇತ್ತು.

ಕೋಆರ್ಡಿನೇಟರ್ ಮಾತಿಗೆ ಒಂದು ರೀಲ್ ಮಾಡಿದೆ. 11 ಜನ ನೋಡಿದಾರೆ, ಅದ್ರಲ್ಲಿ ನಮ್ಮಮ್ಮ, ನನ್ನ ತಂಗಿ, ಕೋಆರ್ಡಿನೇಟರ್. ಆ ವಿಷಯ ಅಲ್ಲಿಗೆ ಬಿಟ್ಟೆ.

ಪುತ್ತೂರು ಸರ್ ಹೇಳಿದ್ದು ಓದಿ ಮೊದಲು ಹಳೇ ವಾಟ್ಸಾಪ್ ಗ್ರೂಪ್ ಮುಚ್ಚಿ ಟೆಲಿಗ್ರಾಂಗೆ ಬಂದೆ. ಕ್ಲಾಸನ್ನ ಭಾನುವಾರ ರಾತ್ರಿ 8ಕ್ಕೆ ಹಾಕಿಸ್ಕೊಂಡೆ, ಅದಕ್ಕೆ ಎರಡು ಅರ್ಜಿ ಬರೀಬೇಕಾಯ್ತು. ವಾರಕ್ಕೊಂದು ಚಿಕ್ಕ ಕೆಲಸ, 10 ಕೊಡ್ತೀನಿ, ಒಳ್ಳೇ 7 ಲೆಕ್ಕಕ್ಕೆ ಅಂದೆ. ಮೊದಲನೇ ಕೆಲಸ ಹೀಗೆ ಕೊಟ್ಟೆ: ಈ ವಾರ ನೀವು ಎಲ್ಲಾದ್ರೂ ತಿಂಡಿ ತಿಂದ್ರೆ ಬಿಲ್ ಫೋಟೋ ತೆಗ್ದು ಟೆಲಿಗ್ರಾಂಗೆ ಹಾಕಿ, ಟ್ಯಾಕ್ಸ್ ಎಷ್ಟು ಹಾಕಿದಾರೆ, ಯಾಕೆ, ಎರಡು ಸಾಲು, ಕನ್ನಡದಲ್ಲಾದ್ರೂ ಸರಿ, ವಾಯ್ಸ್ ಮೆಸೇಜಾದ್ರೂ ಸರಿ.

ಮೊದಲ ಎರಡು ದಿನ ಏನೂ ಇಲ್ಲ. ಮೂರನೇ ದಿನ ತುಮಕೂರಿನ ಹುಡುಗ ಒಂದು ಬಿಲ್ ಹಾಕ್ದ, ಸಿಜಿಎಸ್‌ಟಿ ಎರಡೂವರೆ ಎಸ್‌ಜಿಎಸ್‌ಟಿ ಎರಡೂವರೆ, ಅಂದ್ರೆ ಕೇಂದ್ರದ ಪಾಲು ರಾಜ್ಯದ ಪಾಲು ಸೇರಿ ಒಟ್ಟು 5%. ಅದರ ಹಿಂದೇನೇ ಇನ್ನೊಬ್ಬಳು ತನ್ನೂರಿನ ಹೋಟೆಲ್‌ದು ಹಾಕಿದ್ಲು, ಅದ್ರಲ್ಲಿ ಮೇಲೆ ಕಾಂಪೊಸಿಷನ್ ಡೀಲರ್ (ಸಣ್ಣ ವ್ಯಾಪಾರಿಗಳ ಸುಲಭ ಜಿಎಸ್‌ಟಿ ಸ್ಕೀಮಿನವರು), ಟ್ಯಾಕ್ಸ್ ವಸೂಲಿ ಮಾಡಂಗಿಲ್ಲ ಅಂತ ಪ್ರಿಂಟ್ ಆಗಿದೆ, ಕೆಳಗೆ ನೋಡಿದ್ರೆ 5% ಸೇರಿಸಿ ದುಡ್ಡು ತಗೊಂಡಿದಾರೆ! ಅಲ್ಲಿಂದ ಶುರುವಾಯ್ತು ನೋಡಿ. "ಮ್ಯಾಮ್ ಇದು ಮೋಸ ಅಲ್ವಾ", "ಅವರೂ ಸರ್ಕಾರಕ್ಕೆ 5% ಕಟ್ತಾರಲ್ವಾ ಮತ್ತೆ ತಪ್ಪೇನು", "ಕಟ್ಬೇಕು ಆದ್ರೆ ಅವರ ಕೈಯಿಂದ ಕಟ್ಬೇಕು ನಮ್ಮ ಹತ್ರ ಇಸ್ಕೊಳ್ಳಂಗಿಲ್ಲ" ಅಂತ ಅವರವರೇ, ನಾನು ಬಾಯಿ ಹಾಕ್ಲೇ ಇಲ್ಲ, ರಾತ್ರಿ ಹನ್ನೊಂದೂವರೆವರೆಗೂ ಟಿಂಗ್ ಟಿಂಗ್ ಅಂತಾನೇ ಇತ್ತು, ನಮ್ಮೆಜಮಾನ್ರು ಬೈದ್ರು. ಎರಡು ಹೋಟೆಲಿಗೂ ರೇಟು 5%ನೇ, ಜೇಬು ಯಾರ್ದು ಅನ್ನೋದೇ ವ್ಯತ್ಯಾಸ ಅನ್ನೋದನ್ನ ನಾನು ಮೂರು ವರ್ಷದಿಂದ ಸ್ಲೈಡಲ್ಲಿ ಹೇಳ್ತಾ ಬಂದಿದೀನಿ, ಒಬ್ಬರೂ ಮರು ಪ್ರಶ್ನೆ ಕೇಳಿರಲಿಲ್ಲ.

ಎಲ್ಲಾ ಸರಿಹೋಯ್ತು ಅಂತ ತಿಳೀಬೇಡಿ. ಲೈವ್ ಕ್ಲಾಸಿಗೆ ಈಗ ಬರೋದು 22-23 ಜನ ಅಷ್ಟೇ, ಕ್ಯಾಮೆರಾ ಈಗಲೂ ಆಫು, ನಾನೂ ಕೇಳೋದು ಬಿಟ್ಟಿದೀನಿ. ಆದ್ರೆ ಬಿಲ್ ಹಾಕಿದವರು 51 ಜನ. ಮಿಕ್ಕ 35 ಜನ ಎಲ್ಲಿದಾರೆ ಅಂತ ಗೊತ್ತಿಲ್ಲ, ಒಬ್ಬೊಬ್ಬರಿಗೇ ಫೋನ್ ಮಾಡ್ತಿದೀನಿ, ದಿನಕ್ಕೆ ಮೂರು. ಒಬ್ಬಳು "ಹೆರಿಗೆ ಆಗಿ ಹದಿನೈದು ದಿನ ಆಯ್ತು ಮ್ಯಾಮ್" ಅಂದ್ಲು. ಇದಕ್ಕೆ ಯಾವ ಆ್ಯಪ್ ಹಾಕ್ಲಿ ಹೇಳಿ.

ಒಂದು ಎಡವಟ್ಟೂ ಆಯ್ತು. ಒಬ್ಬ ಹಾಕಿದ ಬಿಲ್ಲಲ್ಲಿ ಅವನ ಹೆಸರು ಫೋನ್ ನಂಬರ್ ಎರಡೂ ಇತ್ತು, ನಾನು ನೋಡೋ ಹೊತ್ತಿಗೆ ಅರ್ಧ ದಿನ ಆಗಿತ್ತು, ಡಿಲೀಟ್ ಮಾಡಿಸಿದೆ.

ಧಾರವಾಡ_ಪೇಢಾ

ಭಾರೀ ಮಾಡೀರಿ ಮೇಡಂ. ಈ ಬಿಲ್ಲಿಂದು ನಾ ಕದೀತೀನಿ, ಕೇಳಬ್ಯಾಡ್ರಿ.

ರಾತ್ರಿಪಾಳಿ

ಮೇಡಂ ನಾನು ನಿಮ್ಮ ಸ್ಟೂಡೆಂಟ್ ಅಲ್ಲ, ಆದ್ರೂ ಕೇಳ್ತೀನಿ. ಇದನ್ನ ಓದಿ ಇವತ್ತು ನಮ್ಮ ಫ್ಯಾಕ್ಟರಿ ಹತ್ರ ಹೋಟೆಲ್ ಬಿಲ್ ನೋಡಿದೆ, ಜಿಎಸ್‌ಟಿ ನಂಬರೇ ಇಲ್ಲ, ಆದ್ರೆ 5% ಹಾಕಿದಾರೆ. ಇದು ಯಾವ ಲೆಕ್ಕಕ್ಕೆ ಬರತ್ತೆ?

ಕಾಮರ್ಸ್_ಮೇಡಂ

ಯಾವ ಲೆಕ್ಕಕ್ಕೂ ಬರಲ್ಲಪ್ಪ, ರಿಜಿಸ್ಟ್ರೇಷನ್ ಇಲ್ದೋರು ಟ್ಯಾಕ್ಸ್ ಅಂತ ಒಂದು ರೂಪಾಯಿನೂ ತಗೊಳ್ಳಂಗಿಲ್ಲ. ಆದ್ರೂ ಕೆಲವು ಸಲ ನಂಬರ್ ಬಿಲ್ಲಿನ ಕೆಳಗಡೆ ಸಣ್ಣಕ್ಷರದಲ್ಲಿ ಇರತ್ತೆ, ಒಂದ್ಸಲ ಸರಿಯಾಗಿ ನೋಡು. 15 ಅಕ್ಷರ, ನಮ್ಮ ಕರ್ನಾಟಕದ್ದಾದ್ರೆ 29ರಿಂದ ಶುರುವಾಗತ್ತೆ. ಸಿಗ್ಲಿಲ್ಲ ಅಂದ್ರೆ ಫೋಟೋ ಹಾಕು, ಹೋಟೆಲ್ ಹೆಸರಿನ ಮೇಲೆ ಬೆರಳಿಟ್ಟು ತೆಗಿ.