ಪದಚರ್ಚೆ: ‘ಕ್ರಾಸ್-ಕಲ್ಚರಲ್ ಕಾಗ್ನಿಟಿವ್ ಡೆವಲಪ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಖಾಲಿ ಇರುವ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಮನಃಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುವ ಕೆಲಸ. ವಿಷಯ, ಮೇಲೆ ಬರೆದಿರುವ ಮೂರು ಪದ. ಅಂದರೆ, ಬೇರೆ ಬೇರೆ ಸಂಸ್ಕೃತಿಗಳ ಮಕ್ಕಳಲ್ಲಿ ಯೋಚಿಸುವ, ತಿಳಿಯುವ ಶಕ್ತಿ ಹೇಗೆ ಬೆಳೆಯುತ್ತದೆ ಎಂದು ಪಕ್ಕಪಕ್ಕ ಇಟ್ಟು ನೋಡುವುದು. “ಮಾವ, ಅಜ್ಜಿ ಏನು ಕೆಲಸ ಅಂತ ಕೇಳ್ತಿದ್ದಾರೆ. ನೀವೇ ಕನ್ನಡದಲ್ಲಿ ಹೇಳಿಬಿಡಿ” ಅಂದಳು. ಹೂಂ ಅಂದೆ. ಮೂರು ದಿನ ಆಯಿತು, ಅಮ್ಮನಿಗೆ ಇನ್ನೂ ಹೇಳಿಲ್ಲ.

ಮೊದಲು ‘ಕಾಗ್ನಿಟಿವ್’. ಬಿ.ಎಡ್. ಪುಸ್ತಕಗಳಲ್ಲಿ ‘ಜ್ಞಾನಾತ್ಮಕ’ ಅಂತಲೂ ‘ಸಂಜ್ಞಾನಾತ್ಮಕ’ ಅಂತಲೂ ನೋಡಿದ್ದೇನೆ. ಎರಡನೆಯದನ್ನು ಕೇಳಿದರೆ ನನಗೆ ಪೊಲೀಸ್ ಠಾಣೆಯ ‘ಸಂಜ್ಞೇಯ ಅಪರಾಧ’ವೇ ನೆನಪಾಗುತ್ತದೆ. ‘ಗ್ರಹಿಕೆ’ ಚೆನ್ನಾಗಿದೆ, ಆದರೆ ನೆನಪು, ಲೆಕ್ಕ, ತರ್ಕ ಎಲ್ಲ ಅದರೊಳಗೆ ಹಿಡಿಸುವುದಿಲ್ಲ. ‘ಅರಿವು’ ಅಂದರೆ ವಚನದ ಕಡೆ ಹೊರಟುಹೋಗುತ್ತದೆ. ಉಳಿದದ್ದು ‘ಬುದ್ಧಿ’. ಮಗುವಿಗೆ ಬುದ್ಧಿ ಬರುವುದು, ಬುದ್ಧಿ ಬಲಿಯುವುದು ಅಂತ ನಾವು ದಿನಾ ಹೇಳುವುದೇ ಅಲ್ವಾ?

ತೊಂದರೆ ಏನೆಂದರೆ ನಮ್ಮ ಬುದ್ಧಿಯಲ್ಲಿ ನಡತೆಯೂ ಸೇರಿಕೊಂಡಿದೆ. ‘ಅವನಿಗೆ ನಾಲ್ಕು ಬುದ್ಧಿ ಹೇಳಿ’ ಅಂದರೆ ಗಣಿತ ಕಲಿಸಿ ಅಂತಲ್ಲ. (ಹಳೇ ಮೈಸೂರಿನ ಕಡೆ ಯಜಮಾನನನ್ನೇ ‘ಬುದ್ಧೀ’ ಅಂತ ಕರೆಯುತ್ತಿದ್ದರಲ್ಲ, ಅದು ಬೇರೆಯೇ ಕಥೆ.) ಆದರೆ ಇದು ನಮ್ಮೊಬ್ಬರ ಗೊಂದಲವಲ್ಲ. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಬಾವುಲೆ ಎಂಬ ಜನರಿದ್ದಾರೆ. ಮನಃಶಾಸ್ತ್ರಜ್ಞ ಪಿಯರ್ ದಾಸೆನ್ ಮತ್ತು ಜೊತೆಯವರು ಅಲ್ಲಿ ಕೇಳಿ ನೋಡಿದಾಗ, ಮಕ್ಕಳ ಬುದ್ಧಿಗೆ ಅವರು ಬಳಸುವ ಪದದಲ್ಲಿ ಹೇಳಿಸಿಕೊಳ್ಳದೆ ಮನೆಗೆಲಸಕ್ಕೆ ಕೈ ಹಾಕುವ ಗುಣವೂ ಇತ್ತು. ನಮ್ಮಮ್ಮನೂ ‘ಜಾಣ ಕೂಸು’ ಅನ್ನುವುದು ಅಂಥ ಮಗುವಿಗೇ. ಈ ಹುದ್ದೆಯ ವಿಷಯವೇ ಇದು ಅನ್ನಬಹುದು. ಹಾಗಾಗಿ ಬುದ್ಧಿ ಪದವನ್ನು ಬಿಡಲು ಮನಸ್ಸಿಲ್ಲ.

‘ಡೆವಲಪ್‌ಮೆಂಟ್’ ಸುಲಭ ಅಂದುಕೊಂಡಿದ್ದೆ. ‘ಅಭಿವೃದ್ಧಿ’ ಅಂದರೆ ಸರ್ಕಾರಿ ನಿಗಮ ಆಗಿಬಿಡುತ್ತದೆ. ‘ವಿಕಾಸ’ ಇನ್ನೂ ಅಪಾಯ. ‘ಸಂಸ್ಕೃತಿ’ ಪಕ್ಕ ‘ವಿಕಾಸ’ ಕೂತರೆ ಮಗು ಮರೆಯಾಗಿ, ಒಂದು ಜನ ಮೇಲಿನ ಮೆಟ್ಟಿಲಲ್ಲಿ, ಇನ್ನೊಂದು ಕೆಳಗಿನ ಮೆಟ್ಟಿಲಲ್ಲಿ ಅನ್ನುವ ಅರ್ಥ ಬರುತ್ತದೆ. ಈ ವಿದ್ಯೆಯೇ ಆ ಗುಂಡಿಗೆ ಬಿದ್ದದ್ದಿದೆ. 1931–32ರಲ್ಲಿ ಸೋವಿಯತ್ ಮನಃಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದಲ್ಲಿ ಓದು ಬಾರದ ರೈತರಿಗೆ ಒಂದು ಒಗಟಿನಂಥ ಪ್ರಶ್ನೆ ಕೇಳಿದರು. ಹಿಮ ತುಂಬಿದ ದೂರದ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ. ನೊವಾಯಾ ಝೆಮ್ಲ್ಯಾ ಅಲ್ಲೇ ಇದೆ. ಅಲ್ಲಿನ ಕರಡಿಯ ಬಣ್ಣ ಯಾವುದು? ನಾನು ಕಂಡಿರುವುದು ಕರಿ ಕರಡಿ, ಬೇರೆಯದು ನೋಡಿಲ್ಲ ಎಂಬ ಧಾಟಿಯ ಉತ್ತರ ಬಂತು. ಲೂರಿಯಾ ಇದನ್ನು ತರ್ಕ ಇನ್ನೂ ಬೆಳೆಯದ ಗುರುತು ಎಂದು ಓದಿದರು. ನನಗಂತೂ ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಎಚ್ಚರ ಕಾಣುತ್ತದೆ. ಅದಕ್ಕೇ ನನ್ನ ಓಟು ‘ಮಕ್ಕಳ ಬೆಳವಣಿಗೆ’ಗೆ. ಬೆಳೆಯುವುದು ಮಕ್ಕಳು, ಊರಲ್ಲ.

ಕೊನೆಗೆ ‘ಕ್ರಾಸ್’. ಪತ್ರಿಕೆಗಳು ‘ಅಂತರ್‌ಸಾಂಸ್ಕೃತಿಕ’ ಅನ್ನುತ್ತವೆ. ಅದು ಎರಡು ಸಂಸ್ಕೃತಿಯವರು ಬೆರೆಯುವುದಕ್ಕೆ ಸರಿ. ಅಂತರ್ಜಾತಿ ಮದುವೆ ಅನ್ನುತ್ತೇವಲ್ಲ, ಹಾಗೆ. ಇಲ್ಲಿ ಯಾರೂ ಬೆರೆಯುತ್ತಿಲ್ಲ. ಅಲ್ಲಿನ ಮಗು, ಇಲ್ಲಿನ ಮಗು, ಪಕ್ಕಪಕ್ಕ ಇಟ್ಟು ನೋಡುವುದು. ಭಾಷೆಗಳ ವಿಚಾರದಲ್ಲಿ ಕನ್ನಡದ ಮಕ್ಕಳನ್ನೂ ಹೀಗೆ ನೋಡಿದ್ದಾರೆ. ನಮ್ಮಲ್ಲಿ ‘ಏರು–ಏರಿಸು’ ಥರ, ಬೇರೆಯವರಿಂದ ಆ ಕೆಲಸ ಆಗುವಂತೆ ಮಾಡುವುದನ್ನು ತೋರಿಸುವ ‘ಇಸು’ ಇದೆ, ಇಂಗ್ಲಿಷಿನಲ್ಲಿ ಅಷ್ಟು ಸಲೀಸಾಗಿ ಎಲ್ಲೆಡೆ ಹತ್ತುವಂಥದ್ದಿಲ್ಲ. 2003ರಲ್ಲಿ ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಜೊತೆಯವರು ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ವರ್ಷದ ಕನ್ನಡದ ಮಕ್ಕಳು ವಾಕ್ಯದ ಅರ್ಥ ಹಿಡಿಯಲು ಅಷ್ಟು ಚೊಕ್ಕವಾದ ‘ಇಸು’ ಬಿಟ್ಟು, ಎಷ್ಟು ನಾಮಪದ ಇದೆ ಅನ್ನುವುದನ್ನೇ ನೆಚ್ಚಿಕೊಂಡಿದ್ದರು! ಇಂಥ ಕೆಲಸಕ್ಕೆ ‘ಹೋಲಿಕೆ’ ಅನ್ನುವ ಪದ ಎಲ್ಲಾದರೂ ಬರಲೇಬೇಕು.

ಸದ್ಯಕ್ಕೆ ನಾನು ಕಟ್ಟಿರುವುದು: ‘ಸಂಸ್ಕೃತಿಗಳ ಹೋಲಿಕೆಯಲ್ಲಿ ಮಕ್ಕಳ ಬುದ್ಧಿ ಬೆಳವಣಿಗೆ’. ಉದ್ದ ಜಾಸ್ತಿಯಾಯಿತು, ಬಾಗಿಲ ಬೋರ್ಡಿನ ಮೇಲೆ ಹಿಡಿಸಲ್ಲ. ‘ಹೋಲಿಕೆ’ ಬದಲು ಚಿಕ್ಕದೊಂದು ಸಿಗಬಹುದೇ? ಧಾರವಾಡ, ಮಂಗಳೂರು ಕಡೆಯ ಮೇಷ್ಟ್ರುಗಳು ತರಗತಿಯಲ್ಲಿ ಬಾಯಿಮಾತಿಗೆ ಏನು ಹೇಳುತ್ತೀರಿ?

ಇನ್ನೊಂದು ಪದ. ಹುದ್ದೆ ‘ಟೆನ್ಯೂರ್-ಟ್ರ್ಯಾಕ್’. ಕೆಲವು ವರ್ಷ ದುಡಿದ ಮೇಲೆ ಕೆಲಸ ತೂಗಿ ನೋಡಿ ಕಾಯಂ ಮಾಡುತ್ತಾರೆ, ಇಲ್ಲವಾದರೆ ಬೇರೆ ಕಡೆ ನೋಡಿಕೋ ಅನ್ನುತ್ತಾರೆ. ನಮ್ಮ ಸರ್ಕಾರಿ ಆದೇಶದ ‘ಖಾಯಂಪೂರ್ವ ಸೇವಾವಧಿ’ ಇದಕ್ಕೆ ಹೊಂದುತ್ತದೆಯೇ? ಅದು ಪ್ರೊಬೇಷನ್ ಅಷ್ಟೇ, ಇದು ಅದಕ್ಕಿಂತ ಉದ್ದ, ಕಷ್ಟ ಕೂಡ. ಇದಕ್ಕೆ ಬೇಗ ಉತ್ತರ ಕೊಡಿ. ನಿನ್ನೆ ಅಮ್ಮ ಫೋನಿನಲ್ಲಿ ಕೇಳಿದ್ದು ಇದೊಂದನ್ನೇ: “ಎಂಥದ್ದಾದರೂ ಇರಲಿ, ಕೆಲಸ ಖಾಯಮ್ಮೋ ಅಲ್ಲವೋ?”